ಸ್ವರಲಿಪಿಯ ಚುಕ್ಕೆ ತಪ್ಪದ ಡಿಟಿಪಿ ಅಂಗಡಿ

ಸಂಗೀತದಲ್ಲಿ ಪಿಎಚ್.ಡಿ. ಮಾಡುತ್ತಿರುವವರು, ಅದರಲ್ಲೂ ಮಹಾಪ್ರಬಂಧವನ್ನು ಕನ್ನಡದಲ್ಲಿ ಬರೆಯುತ್ತಿರುವವರು, ಟೈಪಿಂಗಿಗೆ ಯಾರ ಬಳಿ ಕೊಡುವುದು ಎಂದು ಕೇಳಿದಾಗಲೆಲ್ಲ ನಾನು ಬಳ್ಳಾರಿಯ ಒಂದು ಸಣ್ಣ ಅಂಗಡಿಯ ದಾರಿ ತೋರಿಸುತ್ತೇನೆ. ಬೆಂಗಳೂರು ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅದು ಇದೆ. ಬೋರ್ಡಿನ ಮೇಲೆ ‘ಡಿಟಿಪಿ, ಜೆರಾಕ್ಸ್, ಬೈಂಡಿಂಗ್’ ಎಂಬ ಮೂರು ಪದಗಳಿವೆಯೇ ಹೊರತು ಅಂಗಡಿಗೆ ಬೇರೆ ಹೆಸರಿಲ್ಲ. ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಯಂತ್ರ. ಹಿಂದಿನ ಕೋಣೆಯಲ್ಲಿ ಕಾಗದ ಕತ್ತರಿಸುವ ಯಂತ್ರ, ಗೋಂದಿನ ಡಬ್ಬಿ, ಬಣ್ಣಬಣ್ಣದ ರೆಕ್ಸಿನ್ ಸುರುಳಿಗಳು. ಟೈಪಿಂಗ್ ಕೆಲಸವನ್ನು ಹೆಂಡತಿ, ಬೈಂಡಿಂಗ್ ಕೆಲಸವನ್ನು ಗಂಡ ನೋಡಿಕೊಳ್ಳುತ್ತಾರೆ. ನನ್ನ ಮಹಾಪ್ರಬಂಧ ಇವರ ಕೈಯಲ್ಲಿ ಹನ್ನೊಂದು ವಾರ ಇತ್ತು. ಅಷ್ಟು ದಿನಗಳಲ್ಲಿ ನಾನು ಕಂಡದ್ದನ್ನು, ಮೆಚ್ಚಿದ್ದನ್ನು ಮತ್ತು ಮೆಚ್ಚದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಎಂಥದ್ದು ಎಂಬುದನ್ನು ಹೇಳದಿದ್ದರೆ ಅಂಗಡಿಯವರ ಕೆಲಸದ ತೂಕ ತಿಳಿಯುವುದಿಲ್ಲ. ನಾನು ಸಿರುಗುಪ್ಪ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ. ಸಿರುಗುಪ್ಪ, ಸಿಂಧನೂರು, ಕಾರಟಗಿ ಭಾಗದ ಭಜನಾ ಮಂಡಳಿಗಳು ತತ್ವಪದಗಳನ್ನು ಯಾವ ಧಾಟಿಯಲ್ಲಿ ಹಾಡುತ್ತವೆ, ಆ ಧಾಟಿಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಹೇಗೆ ಬದಲಾಗುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಅಮಾವಾಸ್ಯೆಯ ರಾತ್ರಿಗಳಲ್ಲಿ ಮಠದ ಕಟ್ಟೆಯ ಮೇಲೆ ಕುಳಿತು, ಹಾರ್ಮೋನಿಯಂ, ಏಕತಾರಿ, ದಮ್ಮಡಿ, ತಾಳಗಳ ನಡುವೆ ಧ್ವನಿಮುದ್ರಣ ಮಾಡಿಕೊಂಡು, ಮನೆಗೆ ಬಂದು ಒಂದೊಂದು ಸಾಲನ್ನು ಹತ್ತಾರು ಸಲ ಕೇಳಿ ಸ್ವರ ಹಾಕಿದ ಅರವತ್ತನಾಲ್ಕು ಪದಗಳು ನನ್ನ ಬಳಿ ಇದ್ದವು. ಇವುಗಳಲ್ಲಿ ಬಹಳಷ್ಟನ್ನು ಹಾಡುವವರೂ ಕೇಳುವವರೂ ಸುಲಭವಾಗಿ ‘ಭೈರವಿ’ ರಾಗ ಎಂದುಬಿಡುತ್ತಾರೆ. ಆದರೆ ಹತ್ತಿರದಿಂದ ಕೇಳಿದರೆ ಒಂದು ಮಂಡಳಿಯವರು ಏರುವಾಗ ಶುದ್ಧ ರಿಷಭವನ್ನು (‘ರೆ’ ಸ್ವರ) ಮುಟ್ಟಿ, ಇಳಿಯುವಾಗ ಮಾತ್ರ ಅದಕ್ಕಿಂತ ತುಸು ತಗ್ಗಿದ ಕೋಮಲ ರಿಷಭಕ್ಕೆ ಬರುತ್ತಾರೆ. ಪಕ್ಕದ ಊರಿನವರು ಎರಡೂ ಕಡೆ ಕೋಮಲವನ್ನೇ ಹಿಡಿಯುತ್ತಾರೆ. ಈ ವ್ಯತ್ಯಾಸಕ್ಕೆ ಗುರುಪರಂಪರೆಯೊಂದಿಗೆ ಸಂಬಂಧವಿದೆ ಎಂಬುದೇ ನನ್ನ ಪ್ರಬಂಧದ ಮುಖ್ಯ ವಾದ. ಹಿಂದೂಸ್ತಾನಿ ಸಂಗೀತದ ಭಾತಖಂಡೆ ಪದ್ಧತಿಯ ಸ್ವರಲಿಪಿಯಲ್ಲಿ, ಅಂದರೆ ಹಾಡನ್ನು ಸ್ವರಾಕ್ಷರಗಳಲ್ಲಿ ಬರೆದಿಡುವ ಕ್ರಮದಲ್ಲಿ, ಕೋಮಲ ಸ್ವರಕ್ಕೆ ಅಕ್ಷರದ ಕೆಳಗೆ ಒಂದು ಅಡ್ಡಗೆರೆ ಎಳೆಯುತ್ತೇವೆ. ಅಂದರೆ ನನ್ನ ಐದು ವರ್ಷಗಳ ದುಡಿಮೆ ಒಂದು ಸಣ್ಣ ಅಡ್ಡಗೆರೆ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಮಹಾಪ್ರಬಂಧವನ್ನು ಮೌಲ್ಯಮಾಪನ ಮಾಡುವ ಹೊರಗಿನ ಪರೀಕ್ಷಕರು ಕಾರಟಗಿಯ ಮಠಕ್ಕೆ ಬಂದು ಕೇಳುವುದಿಲ್ಲ. ಅವರ ಪಾಲಿಗೆ ಆ ಗೆರೆಯೇ ಹಾಡು.

ಹಸ್ತಪ್ರತಿಯನ್ನು ಮೊದಲು ಬೇರೊಂದು ಊರಿನ ಅಂಗಡಿಗೆ ಕೊಟ್ಟಿದ್ದೆ. ಗದ್ಯಭಾಗವನ್ನು ಅವರು ಚೆನ್ನಾಗಿಯೇ ಟೈಪ್ ಮಾಡಿದರು. ಸ್ವರಲಿಪಿಯ ಹತ್ತು ಪುಟಗಳನ್ನು ಮಾಡಿ ಕೊಟ್ಟಾಗ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಚುಕ್ಕೆಗಳು ಪಕ್ಕದ ಅಕ್ಷರದ ಕೆಳಗೆ ಸರಿದಿದ್ದವು, ತಾಳದ ಗುರುತುಗಳು ಮಾತ್ರೆಗೆ (ತಾಳದ ಒಂದೊಂದು ಎಣಿಕೆಗೆ) ಹೊಂದದೆ ಎಲ್ಲೆಲ್ಲೋ ನಿಂತಿದ್ದವು. ಆ ಪುಟಗಳನ್ನು ಮಾರ್ಗದರ್ಶಕರಿಗೆ ಇ-ಮೇಲ್ ಮಾಡಿದರೆ ಅವರ ಕಂಪ್ಯೂಟರಿನಲ್ಲಿ ಚುಕ್ಕೆ, ಗೆರೆಗಳ ಜಾಗದಲ್ಲಿ ಬರೀ ಚೌಕಗಳು ಕಂಡವು. ಪಿಡಿಎಫ್ ಮಾಡುವಾಗ ಅಕ್ಷರಶೈಲಿಯನ್ನು ಕಡತದೊಳಗೇ ಸೇರಿಸಿರದಿದ್ದರೆ ಹೀಗಾಗುತ್ತದೆ ಎಂಬುದು ನನಗೂ ಆಗ ಗೊತ್ತಿರಲಿಲ್ಲ. ‘ಇಷ್ಟೆಲ್ಲ ಚುಕ್ಕೆ ಯಾರು ನೋಡ್ತಾರ ಬಿಡ್ರಿ’ ಎಂದು ಅಲ್ಲಿಯವರು ಹೇಳಿದ ದಿನವೇ ನಾನು ಹಸ್ತಪ್ರತಿಯನ್ನು ವಾಪಸ್ ತೆಗೆದುಕೊಂಡೆ.

ಬಳ್ಳಾರಿಯ ಅಂಗಡಿಗೆ ಹೋದ ಮೊದಲ ದಿನ ಅಂಗಡಿಯಾಕೆ ಟೈಪ್ ಮಾಡುವ ಮಾತನ್ನೇ ಎತ್ತಲಿಲ್ಲ. ನನ್ನ ಹಸ್ತಪ್ರತಿಯ ನಾಲ್ಕು ಪುಟಗಳನ್ನು ತಿರುವಿ ನೋಡಿ, ಒಂದು ಖಾಲಿ ಹಾಳೆ ಕೊಟ್ಟು, ‘ಮೇಡಂ, ಒಟ್ಟು ಎಷ್ಟು ಥರದ ಅಕ್ಷರ ಬರ್ತಾವ, ಎಲ್ಲಾ ಒಮ್ಮೆ ಬರೆದು ಕೊಡ್ರಿ’ ಎಂದರು. ಏಳು ಶುದ್ಧ, ನಾಲ್ಕು ಕೋಮಲ, ಒಂದು ತೀವ್ರ ಮಧ್ಯಮ ಸೇರಿ ಹನ್ನೆರಡು ಸ್ವರ. ಮಂದ್ರ, ಮಧ್ಯ, ತಾರ (ಮೇಲಿನದು) ಎಂಬ ಮೂರು ಸಪ್ತಕಗಳಿಗೆ, ಅಂದರೆ ಸ್ಥಾಯಿಗಳಿಗೆ, ಮೂವತ್ತಾರು. ಆ ಮೂವತ್ತಾರನ್ನೂ ಹಾಳೆಯ ಮೇಲೆ ಬರೆದುಕೊಟ್ಟೆ. ಅವರು ಎರಡು ದಿನ ಹಿಡಿದು ಒಂದೊಂದನ್ನೂ ಪ್ರತ್ಯೇಕವಾಗಿ ರೂಪಿಸಿ, ಪ್ರಿಂಟ್ ತೆಗೆದು, ಆ ಪ್ರಿಂಟನ್ನು ಜೆರಾಕ್ಸ್ ಮಾಡಿ, ಜೆರಾಕ್ಸನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ ನನ್ನ ಮುಂದೆ ಇಟ್ಟರು. ಮೂರನೆಯ ಪ್ರತಿಯಲ್ಲೂ ಓದಲು ಬಂದರೆ ಮಾತ್ರ ಕೆಲಸ ಶುರು ಮಾಡೋಣ ಎಂಬುದು ಅವರ ಲೆಕ್ಕ.

ಓದಲು ಬರಲಿಲ್ಲ. ಏಕೆ ಬರಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಹಿಂದೂಸ್ತಾನಿ ಸ್ವರಲಿಪಿ ಬರೆಯುವ ಪ್ರತಿಯೊಬ್ಬರೂ ಈ ತೊಂದರೆಯನ್ನು ಎದುರಿಸುತ್ತಾರೆ. ವಿಷ್ಣು ನಾರಾಯಣ ಭಾತಖಂಡೆಯವರ (1860–1936) ಪದ್ಧತಿ ದೇವನಾಗರಿ ಅಕ್ಷರಗಳಲ್ಲಿ ಬೆಳೆದದ್ದು. ಅಲ್ಲಿ ಸಪ್ತಸ್ವರಗಳ ಯಾವ ಅಕ್ಷರಕ್ಕೂ ಬುಡದಲ್ಲಿ ಬೇರೆ ಗೀಟಿಲ್ಲ, ಆದ್ದರಿಂದ ಗೆರೆಗೂ ಚುಕ್ಕೆಗೂ ಕೆಳಗಿನ ಜಾಗ ಪೂರ್ತಿ ಖಾಲಿ ಸಿಗುತ್ತದೆ. ಕನ್ನಡದ ‘ಧ’ ಹಾಗಲ್ಲ. ‘ದ’ ಅಕ್ಷರದ ಬುಡದಲ್ಲಿ ಒಂದು ಸಣ್ಣ ಗೀಟು ಬಂದರೇ ಅದು ‘ಧ’. ಕೋಮಲ ಧೈವತಕ್ಕೆ ಕೆಳಗೆ ಗೆರೆ ಎಳೆದಾಗ ಆ ಗೀಟು ಗೆರೆಗೆ ಅಂಟಿಕೊಳ್ಳುತ್ತದೆ. ಮಸುಕಾದ ಪ್ರತಿಯಲ್ಲಿ ಗೀಟು ಅಕ್ಷರದಿಂದ ಬಿಡಿಸಿಕೊಂಡು ಮಂದ್ರದ ಚುಕ್ಕೆಯ ಹಾಗೆ ಕಾಣುತ್ತದೆ. ಮಧ್ಯ ಸಪ್ತಕದ ಸ್ವರ ಓದುವವರ ಕಣ್ಣಿಗೆ ಮಂದ್ರಕ್ಕೆ ಇಳಿದುಬಿಡುತ್ತದೆ. ಮೇಲ್ಗಡೆಯೂ ಕಷ್ಟವೇ: ‘ನಿ’ ಅಕ್ಷರದ ಗುಡಿಸು, ‘ರೆ’ ಅಕ್ಷರದ ಎತ್ವ ಮೇಲಿನ ಜಾಗವನ್ನು ಆಕ್ರಮಿಸಿರುವುದರಿಂದ ತಾರಸಪ್ತಕದ ಚುಕ್ಕೆ ಅವುಗಳೊಳಗೆ ಸಿಕ್ಕಿಕೊಂಡು ಮಾಯವಾಗುತ್ತದೆ. ಭೈರವಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ. ನನ್ನ ಅರವತ್ತನಾಲ್ಕು ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಛಾಯೆಯವು ಎಂದ ಮೇಲೆ ತೊಂದರೆ ಎಷ್ಟಿತ್ತೆಂದು ಬಲ್ಲವರೇ ಬಲ್ಲರು.

ಅವರು ಕಂಡುಕೊಂಡ ಉಪಾಯ ಇದು. ಗೆರೆಯನ್ನು ಸಾಮಾನ್ಯ ಅಡಿಗೆರೆಯಂತೆ ಅಕ್ಷರಕ್ಕೆ ತಾಗಿಸಿ ಎಳೆಯದೆ, ಎಳ್ಳುಕಾಳಿನಷ್ಟು ಅಂತರ ಬಿಟ್ಟು ಕೆಳಕ್ಕೆ ಇಳಿಸಿದರು. ಅದನ್ನು ಅಕ್ಷರಕ್ಕಿಂತ ತುಸು ಅಗಲ ಮಾಡಿದರು. ಚುಕ್ಕೆಯನ್ನು ದಪ್ಪ ಮಾಡಿ ಗೆರೆಯ ಕೆಳಗೆ ಇಟ್ಟರು. ಒಂದೇ ಮಾತ್ರೆಯಲ್ಲಿ ಎರಡು ಮೂರು ಸ್ವರ ಬಂದಾಗ ಅವನ್ನು ಒಟ್ಟುಗೂಡಿಸುವ ಕಮಾನು ಇವೆರಡಕ್ಕೂ ಕೆಳಗೆ ಬರಬೇಕು. ಹೀಗೆ ಅಕ್ಷರದ ಕೆಳಗೆ ಗೆರೆ, ಚುಕ್ಕೆ, ಕಮಾನು ಎಂಬ ಮೂರು ಅಂತಸ್ತು. ಮೇಲೆ ತಾರದ ಚುಕ್ಕೆ, ಕಣ್ ಸ್ವರ (ಮುಖ್ಯ ಸ್ವರದ ಜೊತೆ ಹಗುರವಾಗಿ ತಾಗುವ ಸ್ವರ), ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವಿಕೆಯ) ಕಮಾನು ಎಂಬ ಇನ್ನು ಮೂರು. ಇಷ್ಟಕ್ಕೆಲ್ಲ ಜಾಗ ಬೇಕಾದ್ದರಿಂದ ಸಾಲುಗಳ ಅಂತರ ಹೆಚ್ಚಾಗಿ ಐವತ್ತೆಂಟು ಪುಟಗಳಲ್ಲಿ ಮುಗಿಯಬೇಕಿದ್ದ ಅನುಬಂಧ ತೊಂಬತ್ತೆರಡು ಪುಟಕ್ಕೆ ಬೆಳೆಯಿತು. ಖರ್ಚು ಹೆಚ್ಚುತ್ತದೆ ಎಂದು ಅವರೇ ಮೊದಲು ಎಚ್ಚರಿಸಿದರು. ನಾನು ಒಪ್ಪಿದೆ, ಆ ಬಗ್ಗೆ ನನಗೆ ಸ್ವಲ್ಪವೂ ಪಶ್ಚಾತ್ತಾಪವಿಲ್ಲ. ಹೊಸದಾಗಿ ಮಾಡಿಕೊಟ್ಟ ಮಾದರಿ ಹಾಳೆಯನ್ನು ಮೂರು ಸಲ ಜೆರಾಕ್ಸ್ ಮಾಡಿದ ಮೇಲೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕಾಣುತ್ತಿತ್ತು.

ಪ್ರೂಫ್ ನೋಡುವ ಅವರ ಕ್ರಮವೂ ನನಗೆ ಹೊಸದು. ಆಕೆ ಸಂಗೀತ ಕಲಿತವರಲ್ಲ. ಆದರೆ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಸ್ಸಿನಲ್ಲಿ ಬಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಸ್ತಪ್ರತಿಯನ್ನು ನನ್ನ ಕೈಗೆ ಕೊಟ್ಟು, ಪ್ರೂಫ್ ಹಾಳೆಯನ್ನು ತಾವು ಹಿಡಿದು, ‘ಹಾಡ್ರಿ, ನಾ ಬೆರಳಿಟ್ಟು ಹೋಗ್ತೀನಿ’ ಎನ್ನುತ್ತಿದ್ದರು. ಕೆಹರವಾ ತಾಳದ ಎಂಟು ಮಾತ್ರೆಗಳನ್ನು ಎಂಟು ಮನೆಗಳಾಗಿ ಮಾಡಿಕೊಂಡಿದ್ದ ಕೋಷ್ಟಕದ ಮೇಲೆ ಅವರ ಬೆರಳು ನನ್ನ ಹಾಡಿನ ಜೊತೆ ಮನೆಯಿಂದ ಮನೆಗೆ ಸಾಗುತ್ತಿತ್ತು. ಒಂದು ಶನಿವಾರ ಒಂದು ಪದದ ಎರಡನೆಯ ಸಾಲಿನಲ್ಲಿ ಬೆರಳು ನಿಂತುಬಿಟ್ಟಿತು. ‘ಮೇಡಂ, ಇಲ್ಲಿ ಏಳಽ ಮನಿ ತುಂಬ್ಯಾವ. ಒಂದು ಎಲ್ಲಿ ಹೋತು?’ ಹಸ್ತಪ್ರತಿ ನೋಡಿದೆ. ತಪ್ಪು ಅವರದಾಗಿರಲಿಲ್ಲ, ನನ್ನದೇ. ಪಂಚಮದ ಮೇಲೆ ನಿಂತು ಎಳೆಯುವ ಕಡೆ, ಸಾಹಿತ್ಯದ ಸಾಲಿನಲ್ಲಿ ಒಂದು ಅವಗ್ರಹವನ್ನು (ಽ), ಸ್ವರದ ಸಾಲಿನಲ್ಲಿ ಒಂದು ಅಡ್ಡಗೀಟನ್ನು ಬರೆಯುವುದನ್ನು ನಾನು ಮರೆತಿದ್ದೆ. ಅದರಿಂದ ಮುಂದಿನ ‘ಖಾಲಿ’ (ತಾಳದಲ್ಲಿ ಪೆಟ್ಟಿಲ್ಲದ ಜಾಗ) ಒಂದು ಮಾತ್ರೆ ಮೊದಲೇ ಬಿದ್ದು, ಆ ಸಾಲಿನ ತಾಳವೆಲ್ಲ ಜಾರಿತ್ತು. ಮಾರ್ಗದರ್ಶಕರೂ ನಾನೂ ನಾಲ್ಕು ಸಲ ಓದಿದ ಪುಟ ಅದು. ಆ ಮಧ್ಯಾಹ್ನದ ಮೇಲೆ ನಾನು ಈ ಅಂಗಡಿಯನ್ನು ಬರೀ ಟೈಪಿಂಗ್ ಅಂಗಡಿ ಎಂದು ಯಾರಿಗೂ ಹೇಳಿಲ್ಲ.

ಕರ್ನಾಟಕ ಸಂಗೀತದ ಸಂಶೋಧಕರಿಗೂ ಇಲ್ಲಿ ತೊಂದರೆಯಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದುದರಿಂದ ಇಲ್ಲಿ ಕೃತಿ, ವರ್ಣಗಳನ್ನು ಹಾಡುವ ಮನೆಗಳಿವೆ. ನಿಜಾಮರ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳದ ಕಡೆಯಿಂದ ಬರುವವರು ಹೆಚ್ಚಾಗಿ ಹಿಂದೂಸ್ತಾನಿಯವರು. ಎರಡೂ ಬಗೆಯ ಕೆಲಸ ಅಂಗಡಿಗೆ ಬರುತ್ತದೆ. ಕರ್ನಾಟಕ ಪದ್ಧತಿಯಲ್ಲಿ ಗೆರೆ ಬರುವುದು ಸ್ವರದ ಮೇಲೆ, ಅದು ಸೂಚಿಸುವುದು ಕಾಲವನ್ನು, ಅಂದರೆ ವೇಗವನ್ನು. ಒಂದು ಗೆರೆ ಇದ್ದರೆ ಎರಡನೆಯ ಕಾಲ, ಎರಡಿದ್ದರೆ ಮೂರನೆಯ ಕಾಲ. ಸ್ವರವನ್ನು ಎಳೆದು ನಿಲ್ಲಿಸುವ ಕಾರ್ವೆಗೆ ಅಲ್ಪವಿರಾಮ, ಅರ್ಧವಿರಾಮಗಳನ್ನು ಬಳಸುತ್ತಾರೆ. ಈ ಎರಡು ಪದ್ಧತಿಗಳಿಗೆ ಅವರು ಬೇರೆ ಬೇರೆ ಮಾದರಿ ಹಾಳೆ ಇಟ್ಟುಕೊಂಡಿದ್ದಾರೆ. ನಾನಿದ್ದಾಗಲೇ ವಿದ್ಯಾರ್ಥಿಯೊಬ್ಬರು ಆದಿತಾಳದ ಕೃತಿಯೊಂದನ್ನು ತಂದಾಗ ತಾಳದ ಅಂಗಗಳಾದ ಲಘುವಿನ ನಾಲ್ಕು, ದ್ರುತಗಳ ಎರಡೆರಡು ಅಕ್ಷರಗಳಿಗೆ ಸರಿಯಾಗಿ ದಂಡಗಳನ್ನು ಹಾಕಿದ್ದನ್ನು ಕಂಡೆ.

ಇನ್ನು ಗದ್ಯಭಾಗ. ಅಂಗಡಿಯಲ್ಲಿ ರೂಢಿಯಾಗಿರುವುದು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳು. ಮುದ್ರಣಕ್ಕೆ ಅವು ಅಂದವಾಗಿವೆ. ಆದರೆ ಅವು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲವಾದ್ದರಿಂದ ಕೃತಿಚೌರ್ಯ ತಪಾಸಣೆಯ ತಂತ್ರಾಂಶ ಆ ಕಡತವನ್ನು ಕನ್ನಡವೆಂದು ಗುರುತಿಸದೆ ಇಂಗ್ಲಿಷ್ ಅಕ್ಷರಗಳ ರಾಶಿಯೆಂದು ಓದುತ್ತದೆ. ನನ್ನ ಅಧ್ಯಾಯಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದಾಗ ‘ಮಾರ್ಗ’, ‘ಪೂರ್ವ’, ‘ವರ್ಣ’ ಮುಂತಾದ ಕಡೆಗಳಲ್ಲಿ ಅರ್ಕಾವೊತ್ತು ಜಾಗ ತಪ್ಪಿತು. ಅದನ್ನು ಸರಿಪಡಿಸಲು ಒಂಬತ್ತು ದಿನ ಹೋಯಿತು. ಈ ವಿಷಯದಲ್ಲಿ ಅಂಗಡಿಯವರು ನನಗೆ ಮೊದಲೇ ತಿಳಿಸಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಮೊದಲ ದಿನವೇ ‘ಗದ್ಯವೆಲ್ಲ ಯೂನಿಕೋಡಿನಲ್ಲೇ ಇರಲಿ’ ಎಂದು ಕೇಳಿದರೆ ಅವರು ಮಾಡಿಕೊಡುತ್ತಾರೆ; ಕೇಳದಿದ್ದರೆ ಹಳೆಯ ಅಭ್ಯಾಸಕ್ಕೇ ಹೋಗುತ್ತಾರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಸರಿಯಾಗಿ ಆಕರ ಕೊಟ್ಟ ಉದ್ಧರಣೆಗಳು ಲೆಕ್ಕಕ್ಕೆ ಬರುವುದಿಲ್ಲ. ತತ್ವಪದಗಳ ಸಾಹಿತ್ಯ ಹಿಂದೆಯೇ ಅಚ್ಚಾಗಿರುವುದರಿಂದ, ಅಧ್ಯಾಯಗಳ ನಡುವೆ ಬರುವ ಪ್ರತಿ ಪದವನ್ನೂ ಉದ್ಧರಣ ಚಿಹ್ನೆಯೊಳಗೆ ಇಟ್ಟು ಆಕರ ನಮೂದಿಸುವಂತೆ ನಾನು ಹೇಳಿದೆ, ಅದನ್ನು ಅವರು ಒಂದೂ ಬಿಡದಂತೆ ಮಾಡಿದರು. ಪದವಿ ಬಂದ ಮೇಲೆ ಪ್ರಬಂಧ ‘ಶೋಧಗಂಗಾ’ ಎಂಬ ಆನ್‌ಲೈನ್ ಮಹಾಪ್ರಬಂಧ ಭಂಡಾರಕ್ಕೆ ಹೋಗುವುದರಿಂದ ಮುಖಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ, ಗ್ರಂಥಸೂಚಿ ಹೀಗೆ ಬಿಡಿಬಿಡಿ ಪಿಡಿಎಫ್ ಬೇಕಾಗುತ್ತದೆ. ಅವನ್ನು ಅಕ್ಷರಶೈಲಿ ಸೇರಿಸಿಯೇ ಪೆನ್‌ಡ್ರೈವಿಗೆ ಹಾಕಿಕೊಟ್ಟರು, ಈ ಸಲ ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ ಒಂದು ಚೌಕವೂ ಕಾಣಲಿಲ್ಲ.

ದರದ ವಿವರ ಬೇಕಾದವರಿಗೆ: ಗದ್ಯದ 240 ಪುಟಗಳಿಗೆ ಪುಟಕ್ಕೆ 30 ರೂಪಾಯಿ, ಸ್ವರಲಿಪಿಯ 92 ಪುಟಗಳಿಗೆ ಪುಟಕ್ಕೆ 90 ರೂಪಾಯಿ. ಎರಡು ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿದೆ. ಆರು ಪ್ರತಿಗಳ ಪ್ರಿಂಟಿಗೆ ಪುಟಕ್ಕೆ 2 ರೂಪಾಯಿ, ರೆಕ್ಸಿನ್ ಹೊದಿಕೆಯ ಗಟ್ಟಿ ಬೈಂಡಿಂಗಿಗೆ ಪ್ರತಿಯೊಂದಕ್ಕೆ 320 ರೂಪಾಯಿ. ಎಲ್ಲ ಸೇರಿ 21,384 ಆಯಿತು, 21,000 ತೆಗೆದುಕೊಂಡರು. ಸ್ವರಲಿಪಿಯ ಪುಟಕ್ಕೆ 90 ಹೆಚ್ಚೆಂದು ಕೆಲವರಿಗೆ ತೋರಬಹುದು. ಒಂದು ಪುಟಕ್ಕೆ ಆಕೆ ಒಂದು ಗಂಟೆಗಿಂತ ಕಡಿಮೆ ಸಮಯ ತೆಗೆದುಕೊಂಡದ್ದನ್ನು ನಾನು ನೋಡಲಿಲ್ಲ. ಆ ಲೆಕ್ಕದಲ್ಲಿ ಅವರು ಕೇಳುವುದು ಕಡಿಮೆಯೇ.

ಬೈಂಡಿಂಗ್ ಬಗ್ಗೆ ಅಷ್ಟೇ ಮೆಚ್ಚುಗೆಯಿಂದ ಬರೆಯಲಾರೆ. ಹೊಲಿಗೆ ಗಟ್ಟಿ, ಚಿನ್ನದ ಬಣ್ಣದ ಅಕ್ಷರಗಳು ನೇರವಾಗಿವೆ, ಬೆನ್ನಿನ ಮೇಲೆ ಹೆಸರು, ವರ್ಷ ಸ್ಪಷ್ಟವಾಗಿವೆ. ಆದರೆ ಮೊದಲು ಕಟ್ಟಿದ ಎರಡು ಪ್ರತಿಗಳಲ್ಲಿ ಅಂಚು ಕತ್ತರಿಸುವಾಗ ಅಳತೆ ತಪ್ಪಿ, ಅನುಬಂಧದ ಹನ್ನೆರಡು ಪುಟಗಳಲ್ಲಿ ಬಲತುದಿಯ ಮನೆ, ಅಂದರೆ ಎಂಟನೆಯ ಮಾತ್ರೆ, ಅರ್ಧ ಕತ್ತರಿಸಿ ಹೋಗಿತ್ತು. ಸ್ವರಲಿಪಿಯ ಕೋಷ್ಟಕ ಗದ್ಯಕ್ಕಿಂತ ಅಗಲವಾಗಿದೆ ಎಂಬುದನ್ನು ಮುಂದಿನ ಕೋಣೆಯವರು ಹಿಂದಿನ ಕೋಣೆಯವರಿಗೆ ಹೇಳಿರಲಿಲ್ಲ. ಆ ಎರಡು ಪ್ರತಿಗಳನ್ನು ತಮ್ಮ ಖರ್ಚಿನಲ್ಲೇ ಮತ್ತೆ ಪ್ರಿಂಟ್ ತೆಗೆದು ಕಟ್ಟಿಕೊಟ್ಟರು, ಒಂದು ಮಾತೂ ಎದುರಾಡಲಿಲ್ಲ. ಆದರೂ ಸಲ್ಲಿಸುವ ದಿನಕ್ಕೆ ಮೂರು ದಿನ ಉಳಿದಿದ್ದಾಗ ಇಂಥದ್ದು ಆದರೆ ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಒಂದು ಪ್ರತಿಯನ್ನು ಮೊದಲು ಕಟ್ಟಿಸಿ, ಅನುಬಂಧದ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿ, ಆಮೇಲೆ ಉಳಿದವನ್ನು ಕಟ್ಟಲು ಹೇಳುವುದು ಒಳ್ಳೆಯದು.

ಇನ್ನೂ ಕೆಲವು ಕೊರತೆಗಳಿವೆ. ಏಳು ವಾರಗಳಲ್ಲಿ ಮುಗಿಸುತ್ತೇವೆ ಎಂದದ್ದು ಹನ್ನೊಂದು ವಾರವಾಯಿತು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕರೆಂಟು ಹೋದರೆ ಕೆಲಸ ನಿಂತೇಹೋಗುತ್ತದೆ, ಯುಪಿಎಸ್ ಅರ್ಧ ಗಂಟೆಯ ಮೇಲೆ ತಡೆಯುವುದಿಲ್ಲ. ಇಂಗ್ಲಿಷ್ ಗ್ರಂಥಸೂಚಿಯಲ್ಲಿ ಕಾಗುಣಿತದ ತಪ್ಪುಗಳು ಹೆಚ್ಚು, ಅದನ್ನು ನಾವೇ ಟೈಪ್ ಮಾಡಿ ಕೊಡುವುದು ಲೇಸು. ಧ್ವನಿಮುದ್ರಣಗಳನ್ನು ಪ್ರಬಂಧದ ಜೊತೆ ಜೋಡಿಸುವ ಕೆಲಸ ಇವರಿಗೆ ಬರುವುದಿಲ್ಲ. ಹಿಂಬದಿಯ ರಟ್ಟಿಗೆ ಸಿಡಿಯ ಚೀಲ ಅಂಟಿಸಿಕೊಡುತ್ತಾರೆ ಅಷ್ಟೆ. ಪ್ರತಿ ಪದದ ಸ್ವರಲಿಪಿಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಇದ್ದು, ಫೋನ್ ಹಿಡಿದರೆ ಆ ಮಂಡಳಿಯ ಹಾಡೇ ಕೇಳುವಂತಿದ್ದರೆ ಎಂದು ನಾನು ಬಹಳ ಆಸೆಪಟ್ಟಿದ್ದೆ. ಕಡೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಚಿತ್ರಗಳನ್ನು ಮಾಡಿಕೊಟ್ಟ. ಅವನ್ನು ಪುಟದಲ್ಲಿ ಕೂರಿಸುವುದನ್ನು ಮಾತ್ರ ಅಂಗಡಿಯವರು ಮಾಡಿದರು.

ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನು 2 ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷ ಸಿಗಬಹುದು. ಅವಧಿ ಸಾಕಷ್ಟಿದೆ ಎಂದು ನೆಚ್ಚಿಕೊಂಡು ಸ್ವರಲಿಪಿಯ ಟೈಪಿಂಗನ್ನು ಕೊನೆಯ ತಿಂಗಳುಗಳಿಗೆ ಇಟ್ಟುಕೊಳ್ಳುವ ಗೆಳೆಯರನ್ನು ನಾನು ಕಂಡಿದ್ದೇನೆ, ನಾನೂ ಹಾಗೆಯೇ ಮಾಡಿದೆ. ಕ್ಷೇತ್ರಕಾರ್ಯ ನಡೆಯುತ್ತಿರುವಾಗಲೇ ಹತ್ತು ಹತ್ತು ಪದಗಳಂತೆ ಈ ಅಂಗಡಿಗೆ ಕೊಡುತ್ತ ಬಂದಿದ್ದರೆ, ಟೈಪಾದ ಹಾಳೆಯನ್ನು ಹಿಡಿದು ಅದೇ ಮಂಡಳಿಯ ಮುಂದೆ ಕುಳಿತು, ಅವರು ಹಾಡುವಾಗ ಇನ್ನೊಮ್ಮೆ ತಾಳೆ ನೋಡುವ ಅವಕಾಶ ನನಗೆ ಸಿಗುತ್ತಿತ್ತು. ಕಾರಟಗಿಯಲ್ಲಿ ಹಾಡುತ್ತಿದ್ದ ತಾತನವರು ನನ್ನ ಪ್ರಬಂಧ ಟೈಪಿಂಗಿಗೆ ಹೋಗುವ ಮೊದಲೇ ತೀರಿಕೊಂಡರು. ಅವರ ಎರಡು ಪದಗಳಲ್ಲಿ ರಿಷಭದ ಕೆಳಗೆ ಗೆರೆ ಬೇಕೋ ಬೇಡವೋ ಎಂಬ ಸಂಶಯವನ್ನು ನಾನು ಅಡಿಟಿಪ್ಪಣಿಯಲ್ಲಿ ಬರೆಯಬೇಕಾಯಿತು.

ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಮಧ್ಯಾಹ್ನ ಊಟಕ್ಕೆ ಒಂದೂವರೆ ಗಂಟೆ ಮುಚ್ಚಿರುತ್ತದೆ, ಭಾನುವಾರ ರಜೆ. ಜೂನ್ ತಿಂಗಳಿನಲ್ಲಿ ಶಾಲೆ ಕಾಲೇಜುಗಳ ಕೆಲಸದಿಂದ ಕೂರಲೂ ಜಾಗವಿರುವುದಿಲ್ಲ, ಆಗಸ್ಟ್ ನಂತರ ಹೋದರೆ ನೆಮ್ಮದಿ. ಸ್ವರಲಿಪಿಯ ಕೆಲಸ ಎಂದು ಮೊದಲೇ ಹೇಳಿ. ಆಕೆ ಗೋಡೆಗೆ ಅಂಟಿಸಿರುವ ಮೂವತ್ತಾರು ಸ್ವರಗಳ ಹಾಳೆಯನ್ನು ತೋರಿಸಿ, ನಿಮ್ಮ ಹಸ್ತಪ್ರತಿಯಲ್ಲಿ ಅದರ ಆಚೆಗೆ ಇನ್ನೇನಾದರೂ ಗುರುತಿದೆಯೇ ಎಂದು ಕೇಳುತ್ತಾರೆ.